ಐನೂರು ರೂಪಾಯಿ ದಂಡ, ಒಳ್ಳೆ ನಡತೆಯ ಚರಿತ್ರೆ



ಪೋಸ್ಟ್ ಉದ್ದ ಇದೆ. ಹೋರಾಟದ ಕೇಸ್ ಮೈಮೇಲಿರೋರು, ಮಕ್ಕಳನ್ನ ಹೊರದೇಶಕ್ಕೆ ಕಳಿಸಿರೋರು, ಕಳಿಸಬೇಕು ಅಂತಿರೋರು ದಯವಿಟ್ಟು ಪೂರ್ತಿ ಓದಿ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆನೂ ಇದೆ.

ಹೋದ ತಿಂಗಳು ರಾತ್ರಿ ಹನ್ನೊಂದು ಗಂಟೆಗೆ ಅಮೆರಿಕದಿಂದ ಫೋನ್ ಬಂತು. ನಮ್ಮ ಕಾಮಾಕ್ಷಿಪಾಳ್ಯದ ಹುಡುಗ. ಹುಡುಗ ಅಂತ ಅಭ್ಯಾಸಬಲಕ್ಕೆ ಹೇಳ್ತೀನಿ, ವಯಸ್ಸು ಮೂವತ್ತೈದು ದಾಟಿದೆ, ಎರಡು ಮಕ್ಕಳ ಅಪ್ಪ. ಅಲ್ಲೇ ಮದುವೆಯಾಗಿ, ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಮೇಲಾಯ್ತು.

"ಅಣ್ಣ, ಮಲಗಿದ್ರಾ?"

"ಇಲ್ಲಪ್ಪ, ಹೇಳು."

"ಇಲ್ಲಿ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕ್ತಿದೀನಿ. ಫಾರ್ಮಲ್ಲಿ ಒಂದು ಪ್ರಶ್ನೆ ಇದೆ ಅಣ್ಣ. ಜೀವನದಲ್ಲಿ ಯಾವತ್ತಾದ್ರೂ, ಯಾವ ಊರಲ್ಲಾದ್ರೂ ಪೊಲೀಸರು ನಿನ್ನ ಹಿಡಿದಿದಾರಾ, ಶಿಕ್ಷೆ ಆಗಿದೆಯಾ ಅಂತ. ವೀಸಾ ತಗೊಳೋವಾಗ್ಲೂ ಹೌದು ಅಂತಾನೇ ಬರ್ದಿದ್ದೆ, ಈಗ್ಲೂ ಹೌದು ಅಂತಾನೇ ಬರೀತೀನಿ. ಆದ್ರೆ ಕೋರ್ಟಿನ ಸರ್ಟಿಫೈಡ್ ಕಾಪಿ ಬೇಕು. ನಮ್ಮ ನೀರಿನ ಕೇಸಿಂದು."

ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಆ ಕೇಸಲ್ಲಿ ಅವನಿಗೆ ಶಿಕ್ಷೆ ಆಗೋ ಹಾಗೆ ಮಾಡಿದವನು ನಾನೇ.

ಕಥೆ ಹೀಗಿದೆ. 2008ರ ಬೇಸಿಗೆ. ಮಾಗಡಿ ರಸ್ತೆಯ ಈ ಕಡೆ ನಮ್ಮ ವಠಾರಗಳು. ಕೆಳಗೆ ಲೇತ್ ಮೆಷಿನ್ ಶೆಡ್ಡು, ಪೌಡರ್ ಕೋಟಿಂಗ್ ಯೂನಿಟ್ಟು, ಮೇಲೆ ಶೀಟ್ ಮನೆಗಳು. ಹನ್ನೆರಡು ದಿನ ನಲ್ಲಿಯಲ್ಲಿ ಒಂದು ಹನಿ ನೀರಿಲ್ಲ. ಫ್ಯಾಕ್ಟರಿ ಮಾಲೀಕರಿಗೆ ಟ್ಯಾಂಕರ್ ಬರ್ತಿತ್ತು, ನಮ್ಮ ಹೆಣ್ಣುಮಕ್ಕಳು ಅದರ ಪೈಪಿನಿಂದ ಸೋರೋ ನೀರಿಗೆ ಕೊಡ ಇಡ್ತಿದ್ದರು. ಹದಿಮೂರನೇ ದಿನ ಬೆಳಿಗ್ಗೆ ಖಾಲಿ ಕೊಡ ಇಟ್ಕೊಂಡು ರಸ್ತೆಯಲ್ಲಿ ಕೂತ್ವಿ. ಇವನಾಗ ಡಿಪ್ಲೊಮಾ ಕೊನೇ ವರ್ಷದ ಹುಡುಗ. ಅವರಮ್ಮ ಮನೇಲಿ ಅಗರಬತ್ತಿ ಹೊಸೀತಿದ್ದರು. ಅವ್ವನ ಕೊಡ ಹೊತ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂತ.

ಒಂದೂವರೆ ಗಂಟೆ ಬಸ್ಸುಗಳು ನಿಂತವು. ಹದಿನಾಲ್ಕು ಜನರನ್ನ ವ್ಯಾನಿಗೆ ಹತ್ತಿಸಿದರು. ಠಾಣೆಯಲ್ಲಿ ಹೆಸರು, ತಂದೆ ಹೆಸರು, ವಯಸ್ಸು, ಕೆಲಸ ಆದಮೇಲೆ ಜಾತಿ ಕೇಳಿದರು. ಹೇಳಿದ್ವಿ. ಎಫ್‌ಐಆರ್‌ನಲ್ಲಿ ಅಕ್ರಮ ಕೂಟ, ದೊಂಬಿ, ದಾರಿ ತಡೆ ಜೊತೆಗೆ 353ನೇ ಸೆಕ್ಷನ್ ಕೂಡ ಹಾಕಿದ್ದರು. ಅಂದ್ರೆ ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರನ ಮೇಲೆ ಕೈ ಮಾಡಿದ್ದು. ಯಾರೂ ಕೈ ಮಾಡಿರಲಿಲ್ಲ. ಚಾರ್ಜ್‌ಶೀಟ್ ಬರೋ ಹೊತ್ತಿಗೆ ಅದನ್ನ ಅವರೇ ಕೈಬಿಟ್ಟರು. ಉಳಿದದ್ದು ಐಪಿಸಿ 143, 341.

ಆಮೇಲೆ ಎರಡು ವರ್ಷ ತಾರೀಕು. ಪ್ರತಿ ತಾರೀಕಿಗೂ ಹದಿನಾಲ್ಕು ಜನರ ಒಂದು ದಿನದ ಕೂಲಿ ಹೋಗೋದು. ಗಾರೆ ಕೆಲಸದೋರು, ಲೇತ್ ಆಪರೇಟರು, ಪೌರಕಾರ್ಮಿಕರು. ಒಬ್ಬ ಆರೋಪಿ ಬರದಿದ್ರೆ ವಾರೆಂಟು. 2010ರಲ್ಲಿ ಒಂದು ದಿನ ವಕೀಲರು, "ಒಪ್ಕೊಂಡ್‌ಬಿಡಿ, ಫೈನ್ ಹಾಕಿ ಮುಗಿಸ್ತಾರೆ, ಇವತ್ತೇ ಮುಗಿಯುತ್ತೆ" ಅಂದರು. ಸಂಘದ ಹಿರಿಯ ಅಂತ ಎಲ್ಲರೂ ನನ್ನ ಮುಖ ನೋಡಿದರು. ಈ ಹುಡುಗ ಮಾತ್ರ ಕೇಳಿದ, "ಅಣ್ಣ, ನಾವು ತಪ್ಪು ಮಾಡಿಲ್ವಲ್ಲ, ಯಾಕೆ ಒಪ್ಕೋಬೇಕು?" ನಾನಂದೆ, "ಐನೂರು ರೂಪಾಯಿಗೆ ಹೋಗೋದಲ್ವೇನೋ, ಒಪ್ಕೋ, ನಿನ್ನ ಓದು ನೋಡ್ಕೋ."

ಒಪ್ಕೊಂಡ. ದಂಡದ ದುಡ್ಡನ್ನ ಸಂಘದ ಡಬ್ಬಿಯಿಂದ ನಾನೇ ಕೊಟ್ಟೆ. ಹೊರಗೆ ಬಂದು ಎಲ್ಲರೂ ಟೀ ಕುಡಿದ್ವಿ. ಆವತ್ತು ಅವನು ಕಾನೂನಿನ ಕಣ್ಣಲ್ಲಿ ಅಪರಾಧಿ ಆದ ಅನ್ನೋದು ನನ್ನ ತಲೆಗೇ ಹೋಗಿರಲಿಲ್ಲ.

ಆ ಫೋನ್ ಬಂದ ಮೇಲೆ ಒಂದು ತಿಂಗಳು ಕೋರ್ಟು, ಠಾಣೆ ಅಲೆದೆ. ಅಲೆಯೋವಾಗ ಒಂದು ಪ್ರಶ್ನೆ ಹುಳದ ಹಾಗೆ ಕೊರೀತಿತ್ತು. ಒಬ್ಬ ಮನುಷ್ಯನ ನಡತೆ ಒಳ್ಳೇದು ಅಂತ ಯಾರು ಹೇಳಬೇಕು? ಯಾವ ಕಾಗದ ಹೇಳಬೇಕು? ಆ ಕಾಗದ ಬರೆಯೋರು ಯಾರು? ಹಳೇ ಪುಸ್ತಕ ತೆಗೆದು ಕೂತೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಮೊದಲು ಅವನಿರೋ ದೇಶದ ಚರಿತ್ರೆ. ಅಮೆರಿಕದ ಮೊದಲ ಪೌರತ್ವ ಕಾಯ್ದೆ 1790ರದು. ಹೊರಗಿನಿಂದ ಬಂದವನಿಗೆ ಪೌರತ್ವ ಬೇಕಾದರೆ ಅವನು ಸ್ವತಂತ್ರನಾಗಿರಬೇಕು, ಬಿಳಿಯನಾಗಿರಬೇಕು, ಎರಡು ವರ್ಷ ಅಲ್ಲಿ ವಾಸ ಮಾಡಿರಬೇಕು, ಒಳ್ಳೆಯ ನಡತೆಯವನೆಂದು ಕೋರ್ಟಿಗೆ ತೋರಿಸಬೇಕು. 1795ರಲ್ಲಿ ಎರಡು ವರ್ಷ ಐದಾಯಿತು, ಒಳ್ಳೆಯ ನಡತೆಗೆ "ನೈತಿಕ" ಅನ್ನೋ ಮಾತು ಸೇರಿತು. ಇವತ್ತು ನಮ್ಮ ಹುಡುಗ ತುಂಬುತ್ತಿರೋ ಅರ್ಜಿಯಲ್ಲಿ ಈ ಐದು ವರ್ಷ ಮತ್ತು ಒಳ್ಳೆಯ ನೈತಿಕ ನಡತೆ ಎರಡೂ ಹಾಗೇ ಇವೆ. ಬಿಳಿ ಬಣ್ಣದ ಷರತ್ತು ಹೋಗಿದೆ. ಆದರೆ ಅದು ಹೋಗೋಕೆ ನೂರಾ ಅರವತ್ತೆರಡು ವರ್ಷ ಬೇಕಾಯ್ತು.

ಆ ಕಾಲದಲ್ಲಿ ಅಲ್ಲಿಗೆ ಹೋದ ನಮ್ಮ ದೇಶದವರು ಏನು ಮಾಡಿದರು? ಇದನ್ನ ನಾವು ತಿಳ್ಕೋಬೇಕು. 1913ರಲ್ಲಿ ಎ.ಕೆ. ಮಜುಂದಾರ್ ಅನ್ನೋ ಬಂಗಾಳಿಗೆ ವಾಷಿಂಗ್ಟನ್ ರಾಜ್ಯದ ಕೋರ್ಟಿನಲ್ಲಿ ಪೌರತ್ವ ಸಿಕ್ಕಿತು. ಅವರ ವಾದ ಇದ್ದದ್ದು, ನಾನು ಮೇಲ್ಜಾತಿ ಹಿಂದೂ, ಶುದ್ಧ ಆರ್ಯರಕ್ತದವನು, ಆದ್ದರಿಂದ ಬಿಳಿಯ ಅಂತ. ಆಮೇಲೆ ಪಂಜಾಬಿನ ಸಿಖ್ಖರಾದ ಭಗತ್ ಸಿಂಗ್ ಥಿಂಡ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. 1918ರ ಡಿಸೆಂಬರಿನಲ್ಲಿ ಯೂನಿಫಾರ್ಮ್ ಹಾಕ್ಕೊಂಡೇ ಪೌರತ್ವ ಪಡೆದರು, ನಾಲ್ಕೇ ದಿನಕ್ಕೆ ಕಿತ್ತುಕೊಂಡರು. 1920ರಲ್ಲಿ ಒರೆಗಾನಿನಲ್ಲಿ ಮತ್ತೆ ಅರ್ಜಿ ಹಾಕಿದಾಗ ಅಧಿಕಾರಿಗಳು, ಇವನು ಗದರ್ ಪಕ್ಷದವರ ಜೊತೆ ಓಡಾಡಿದವನು ಅಂತ ನಡತೆಯ ತಕರಾರು ತೆಗೆದರು. ಅಲ್ಲಿನ ನ್ಯಾಯಾಧೀಶರು ಅದನ್ನ ತಳ್ಳಿಹಾಕಿ ಪೌರತ್ವ ಕೊಟ್ಟರು. ಸರ್ಕಾರ ಬಿಡಲಿಲ್ಲ, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯ್ತು.

ಅಲ್ಲಿ ಥಿಂಡ್ ಪರವಾಗಿ ಮಾಡಿದ ವಾದವನ್ನ ಓದಿದಾಗ ನನಗೆ ಮೈ ಉರಿಯಿತು. ಮೇಲ್ಜಾತಿಯ ಹಿಂದೂ ತನ್ನ ನೆಲದ ಮೂಲನಿವಾಸಿಯನ್ನ ಹೇಗೆ ನೋಡ್ತಾನೆ ಅಂದ್ರೆ, ಮದುವೆ ಸಂಬಂಧದ ವಿಷಯದಲ್ಲಿ ಅಮೆರಿಕದ ಬಿಳಿಯ ಕರಿಯನನ್ನ ನೋಡೋ ಹಾಗೇ ನೋಡ್ತಾನೆ. ಅದಕ್ಕೇ ಅವನನ್ನ ಬಿಳಿಯ ಅಂತ ಎಣಿಸಬೇಕು. ಇದು ವಾದ! ನಾವು ನಮ್ಮವರನ್ನ ಮುಟ್ಟಲ್ಲ, ಹಾಗಾಗಿ ನಾವು ನಿಮ್ಮವರು. 1923ರ ಫೆಬ್ರವರಿ 19ರಂದು ಕೋರ್ಟು ಒಪ್ಪಲಿಲ್ಲ. ಆರ್ಯ ಅನ್ನೋ ಪದ ಏನೇ ಹೇಳಲಿ, ಸಾಮಾನ್ಯ ಮನುಷ್ಯ ಬಿಳಿಯ ಅಂತ ಯಾರನ್ನ ಕರೀತಾನೋ ಅವನೇ ಬಿಳಿಯ ಅಂದಿತು. ಅದಾದ ಮೇಲೆ ಆಗಲೇ ಪೌರತ್ವ ಪಡೆದಿದ್ದ ಹತ್ತಾರು ಭಾರತೀಯರಿಂದಲೂ ಅದನ್ನ ಕಿತ್ತುಕೊಂಡರು. ಮಜುಂದಾರ್ ಅವರದ್ದೂ ಹೋಯ್ತು. ಮೇಲ್ಜಾತಿ ಅನ್ನೋ ಸರ್ಟಿಫಿಕೇಟು ಅಲ್ಲಿ ನಡೀಲಿಲ್ಲ.

ಥಿಂಡ್ ಅವರನ್ನ ಹೀಗಳೆಯೋಕೆ ಇದನ್ನ ಹೇಳ್ತಿಲ್ಲ. ಅವರೂ ಅನ್ಯಾಯ ಅನುಭವಿಸಿದವರೇ. ಯುದ್ಧ ಮಾಡಿದವರಿಗೆ ಕೊಟ್ಟ ರಿಯಾಯಿತಿಯಲ್ಲಿ 1936ಕ್ಕೆ ಅವರಿಗೆ ಪೌರತ್ವ ಸಿಕ್ಕಿತು. ಆದರೆ ಒಂದು ಹೋಲಿಕೆ ಮಾಡಿ ನೋಡಿ. ಮಜುಂದಾರ್ ತಮ್ಮ ಜಾತಿಯನ್ನ ಕೋರ್ಟಿನಲ್ಲಿ ದಾಖಲೆ ಮಾಡಿ ಗೆದ್ದ ಅದೇ 1913ರಲ್ಲಿ, ಬಾಬಾಸಾಹೇಬರು ಓದೋಕೆ ನ್ಯೂಯಾರ್ಕಿಗೆ ಬಂದಿಳಿದರು. 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಜಾತಿ ಹೇಗೆ ಹುಟ್ಟಿತು, ಹೇಗೆ ಒಳಗಡೆಯಿಂದ ಬಾಗಿಲು ಹಾಕ್ಕೊಳ್ತು ಅಂತ ಬಿಡಿಸಿ ಇಟ್ಟರು. ಒಂದೇ ದೇಶ, ಒಂದೇ ಕಾಲ. ಒಬ್ಬರು ಜಾತಿಯನ್ನ ಒಳಗೆ ಹೋಗೋ ಪಾಸ್ ಮಾಡ್ಕೊಂಡರು, ಒಬ್ಬರು ಅದನ್ನ ಕಟಕಟೆಗೆ ಹತ್ತಿಸಿದರು.

ಅಮೆರಿಕದಲ್ಲಿ ಭಾರತೀಯರಿಗೆ ಪೌರತ್ವದ ದಾರಿ 1946ರಲ್ಲಿ ತೆರೀತು, ಅದೂ ವರ್ಷಕ್ಕೆ ನೂರು ಜನ ಮಾತ್ರ ವಲಸೆ ಬರಬಹುದು ಅನ್ನೋ ಲೆಕ್ಕದಲ್ಲಿ. ಬಣ್ಣದ ಷರತ್ತು ಕಾಯ್ದೆಯಿಂದ ಪೂರ್ತಿ ಹೋದದ್ದು 1952ರಲ್ಲಿ. ಈ 1952ನೇ ಇಸವಿಯನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ನಮ್ಮ ದೇಶದ ಕಥೆಯಲ್ಲೂ ಅದು ಬರುತ್ತೆ.

ಈಗ ಇಲ್ಲಿಗೆ ಬರೋಣ. ನಡತೆಯನ್ನ ಅಳೆಯೋಕೆ ಮನುಷ್ಯ ಏನು ಮಾಡಿದ ಅನ್ನೋದು ಬೇಕು. ಬ್ರಿಟಿಷರು ನಮ್ಮಲ್ಲಿ ಅದೂ ಬೇಡ ಅಂದರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಒಂದು ಇಡೀ ಸಮುದಾಯವನ್ನೇ ಅಪರಾಧಿ ಬುಡಕಟ್ಟು ಅಂತ ಘೋಷಿಸಬಹುದಿತ್ತು. ಆ ಘೋಷಣೆಯನ್ನ ಯಾವ ಕೋರ್ಟೂ ಪ್ರಶ್ನಿಸೋ ಹಾಗಿಲ್ಲ. ಹೆಸರು ರಿಜಿಸ್ಟರಿಗೆ ಹೋಯ್ತು ಅಂದ್ರೆ ಹಾಜರಿ ಹಾಕಬೇಕು, ಊರು ಬಿಡಬೇಕಾದ್ರೆ ಪಾಸ್ ಬೇಕು, ಪಾಸ್ ಇಲ್ಲದೆ ಸಿಕ್ಕಿದ್ರೆ ಅದೇ ಅಪರಾಧ. ಮೊದಲು ಉತ್ತರ ಭಾರತಕ್ಕಿದ್ದ ಈ ಕಾಯ್ದೆ 1911ರಲ್ಲಿ ಮದ್ರಾಸ್, ಮುಂಬೈ ಪ್ರಾಂತ್ಯಗಳಿಗೂ ಬಂತು. ಅಂದ್ರೆ ಇವತ್ತಿನ ಕರ್ನಾಟಕದ ಬಳ್ಳಾರಿ, ಹುಬ್ಬಳ್ಳಿ, ಬಿಜಾಪುರ ಕಡೆಗೂ ಬಂತು. 1924ರಲ್ಲಿ ಮತ್ತೆ ಒಟ್ಟುಗೂಡಿಸಿ ಗಟ್ಟಿ ಮಾಡಿದರು. ಕೊರಮರು, ಕೊರಚರು, ಗಂಟಿಚೋರರು ಹೀಗೆ ಎಷ್ಟೋ ಜನ ಈ ಪಟ್ಟಿಗೆ ಬಿದ್ದರು. ಗಂಟಿಚೋರ್ ಅನ್ನೋ ಹೆಸರನ್ನೇ ನೋಡಿ. ಕಳ್ಳತನದ ಆರೋಪವೇ ಜಾತಿಯ ಹೆಸರು. ಅಮ್ಮನ ಹೊಟ್ಟೆಯಿಂದ ಬಿದ್ದ ಕೂಸಿಗೂ ಅದೇ ಹೆಸರು, ಇವತ್ತಿಗೂ ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಅದೇ ಹೆಸರು.

ಹುಬ್ಬಳ್ಳಿಗೆ ಹೋದೋರಿಗೆ ಗೊತ್ತು, ಅಲ್ಲಿ ಸೆಟ್ಲಮೆಂಟ್ ಅಂತ ಒಂದು ಏರಿಯಾ ಇದೆ. ಆಟೋದವರಿಗೆ ಅಷ್ಟೇ ಹೇಳಿದ್ರೆ ಸಾಕು, ಕರ್ಕೊಂಡು ಹೋಗ್ತಾರೆ. ಅದು ಬಡಾವಣೆಯ ಹೆಸರಾಗಿ ಹುಟ್ಟಿದ್ದಲ್ಲ. ಈ ಕಾಯ್ದೆಯ ಕೆಳಗೆ ಜನರನ್ನ ತಂದು ಬೇಲಿಯೊಳಗೆ ಇಟ್ಟ ಜಾಗ ಅದು. ಗದಗ, ಬಿಜಾಪುರದಲ್ಲೂ ಇಂಥವೇ ಇದ್ದವು. ಮುಂಬೈ ಪ್ರಾಂತ್ಯದಲ್ಲಿ ಈ ಸೆಟ್ಲಮೆಂಟುಗಳ ಅಧಿಕಾರಿಯಾಗಿದ್ದವರು ಸ್ಟಾರ್ಟ್ ಅನ್ನೋ ಐಸಿಎಸ್ ಅಧಿಕಾರಿ. ಅವರದೇ ಅಧ್ಯಕ್ಷತೆಯಲ್ಲಿ 1928ರಲ್ಲಿ ಮುಂಬೈ ಸರ್ಕಾರ ದಮನಿತ ವರ್ಗ ಮತ್ತು ಆದಿವಾಸಿಗಳ ಸ್ಥಿತಿ ನೋಡೋಕೆ ಸಮಿತಿ ಮಾಡಿತು. ಆ ಸಮಿತಿಯ ಸದಸ್ಯರಲ್ಲಿ ಬಾಬಾಸಾಹೇಬರೂ ಒಬ್ಬರು. 1930ರಲ್ಲಿ ವರದಿ ಬಂತು. ಅಸ್ಪೃಶ್ಯರು, ಆದಿವಾಸಿಗಳು, ಅಪರಾಧಿಗಳು ಅಂತ ಹಣೆಪಟ್ಟಿ ಹಚ್ಚಿಸಿಕೊಂಡವರು ಬೇರೆ ಬೇರೆ ಕಡತಗಳಲ್ಲಿದ್ದರೂ ಒಂದೇ ಊರಾಚೆಯ ಜನ. ಆ ಕಡತಗಳು ಒಂದೇ ಮೇಜಿನ ಮೇಲೆ ಸೇರಿದ್ದನ್ನ ಬಾಬಾಸಾಹೇಬರು ಹತ್ತಿರದಿಂದ ಕಂಡಿದ್ದರು.

ಈಗ ತಾರೀಕುಗಳನ್ನ ಜೋಡಿಸಿ. ನಮ್ಮ ಸಂವಿಧಾನದ ಬಹುಪಾಲು ಜಾರಿಗೆ ಬಂದದ್ದು 1950ರ ಜನವರಿ 26ರಂದು. ಆದರೆ ಪೌರತ್ವದ ವಿಧಿಗಳು, 5ರಿಂದ 9ರವರೆಗೆ, ಅದಕ್ಕೂ ಮುಂಚೆ, ಅಂಗೀಕಾರವಾದ 1949ರ ನವೆಂಬರ್ 26ರಂದೇ ಜಾರಿಯಾದವು. ಅವತ್ತು ಈ ನೆಲದಲ್ಲಿ ಹುಟ್ಟಿ ಇಲ್ಲೇ ನೆಲೆಸಿದ್ದವರೆಲ್ಲ ಪ್ರಜೆಗಳಾದರು. ಒಳ್ಳೆಯ ನಡತೆಯ ಸರ್ಟಿಫಿಕೇಟು ಯಾರನ್ನೂ ಕೇಳಲಿಲ್ಲ. ಬ್ರಾಹ್ಮಣನೂ ಪ್ರಜೆ, ಸೆಟ್ಲಮೆಂಟಿನ ಬೇಲಿಯೊಳಗೆ ಹುಟ್ಟಿದವನೂ ಪ್ರಜೆ. ಇದು ಸಣ್ಣ ವಿಷಯ ಅಲ್ಲ ಬಂಧುಗಳೇ. ಸಾವಿರಾರು ವರ್ಷ ಹುಟ್ಟಿನಿಂದ ಕಳ್ಕೊಂಡವರು ಅವತ್ತು ಹುಟ್ಟಿನಿಂದಲೇ ಒಂದನ್ನ ಪಡ್ಕೊಂಡರು.

ಆದರೆ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ? ಮದ್ರಾಸ್ 1947ರಲ್ಲಿ, ಮುಂಬೈ 1949ರಲ್ಲಿ ತಮ್ಮ ಮಟ್ಟಿಗೆ ರದ್ದು ಮಾಡಿದವು. ಅನಂತಶಯನಂ ಅಯ್ಯಂಗಾರ್ ಸಮಿತಿ 1950ರಲ್ಲಿ ವರದಿ ಕೊಟ್ಟಿತು. ದೇಶದ ಮಟ್ಟದಲ್ಲಿ ಅದು ರದ್ದಾದದ್ದು 1952ರ ಆಗಸ್ಟ್ 31ರಂದು. ಅಲ್ಲಿಯವರೆಗೆ ಎಷ್ಟೋ ಕಡೆ ಒಬ್ಬನೇ ಮನುಷ್ಯ ಸಂವಿಧಾನದ ಪ್ರಕಾರ ಹುಟ್ಟು ಪ್ರಜೆ, ಕಾಯ್ದೆಯ ಪ್ರಕಾರ ಹುಟ್ಟು ಅಪರಾಧಿ. ದೇಶದ ಮೊದಲ ಚುನಾವಣೆಯೇ ಅದಕ್ಕೂ ಮುಂಚೆ ಮುಗಿದಿತ್ತು. ಅಮೆರಿಕ ಬಣ್ಣದ ಷರತ್ತು ತೆಗೆದದ್ದೂ, ನಾವು ಹುಟ್ಟಿನ ಅಪರಾಧ ತೆಗೆದದ್ದೂ ಒಂದೇ ವರ್ಷ. ಆಗಸ್ಟ್ 31ನ್ನ ಆ ಸಮುದಾಯಗಳು ಇವತ್ತಿಗೂ ವಿಮುಕ್ತಿ ದಿನ ಅಂತ ಆಚರಿಸ್ತಾರೆ. ನಮ್ಮ ಕ್ಯಾಲೆಂಡರಲ್ಲೂ ಅದನ್ನ ಬರ್ಕೊಳ್ಳಿ.

ಕಾಯ್ದೆ ಹೋಯ್ತು, ರಿಜಿಸ್ಟರ್ ಹೋಗಲಿಲ್ಲ. ಒಂದೊಂದು ರಾಜ್ಯವೂ ರೂಢಿಗತ ಅಪರಾಧಿಗಳ ಕಾಯ್ದೆ ಮಾಡ್ಕೊಳ್ತು. ನಮ್ಮದು 1961ರದು. ಅದರಲ್ಲಿ ಸಮುದಾಯದ ಹೆಸರಿಲ್ಲ, ವ್ಯಕ್ತಿಯ ಶಿಕ್ಷೆಗಳನ್ನ ಎಣಿಸ್ತಾರೆ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಠಾಣೆಯವರು ಕಳ್ಳತನವಾದ ಮಾರನೇ ದಿನ ಮೊದಲು ಯಾರ ಕೇರಿಗೆ ಹೋಗ್ತಾರೆ, ಯಾರ ಮೇಲೆ ಮೊದಲ ಕೇಸ್ ಬೀಳುತ್ತೆ, ಜಾಮೀನಿಗೆ ಯಾರ ಹತ್ರ ಪಹಣಿ ಇರಲ್ಲ, ಯಾರು ತಾರೀಕಿಗೆ ಅಲೆಯೋಕೆ ಆಗದೆ ಒಪ್ಕೊಂಡುಬಿಡ್ತಾರೆ? ಎಣಿಕೆ ಶುರುವಾಗೋದೇ ಅಲ್ಲಿಂದ. 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಹಾಕಿದ್ದ ಅರ್ಜಿಯಲ್ಲಿ, ಸುಪ್ರೀಂ ಕೋರ್ಟು ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚೋ ನಿಯಮಗಳನ್ನ ಹೊಡೆದುಹಾಕಿತು. ಜೈಲಿನ ರಿಜಿಸ್ಟರುಗಳಿಂದ ಜಾತಿ ಕಾಲಂ ತೆಗೀಬೇಕು ಅಂದಿತು. ವಿಮುಕ್ತ ಬುಡಕಟ್ಟಿನವರನ್ನ ಹುಟ್ಟಿನ ಕಾರಣಕ್ಕೆ ರೂಢಿಗತ ಅಪರಾಧಿಗಳಂತೆ ನೋಡೋದು ತಪ್ಪು ಅಂದಿತು. ಕಾಯ್ದೆ ರದ್ದಾಗಿ ಎಪ್ಪತ್ತೆರಡು ವರ್ಷಕ್ಕೆ ಈ ಮಾತು ಹೇಳಬೇಕಾಗಿ ಬಂತು.

ಹೊರದೇಶದವರು ನಮ್ಮ ದೇಶದ ಪ್ರಜೆ ಆಗಬೇಕಾದ್ರೂ ಇದೇ ಕಥೆ. 1955ರ ಪೌರತ್ವ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಅರ್ಜಿದಾರ ಒಳ್ಳೆಯ ನಡತೆಯವನಾಗಿರಬೇಕು ಅಂತಿದೆ. ಎಂಟನೇ ಅನುಸೂಚಿಯ ಒಂದು ಭಾಷೆಯೂ ಗೊತ್ತಿರಬೇಕು, ಕನ್ನಡ ಬಂದ್ರೂ ನಡೆಯುತ್ತೆ. ಭಾಷೆ ಬರುತ್ತಾ ಅಂತ ಮಾತಾಡಿಸಿ ನೋಡಬಹುದು. ನಡತೆಯನ್ನ ಹೇಗೆ ನೋಡೋದು? ಎಲ್ಲ ದೇಶದಲ್ಲೂ ಕೊನೆಗೆ ಪೊಲೀಸ್ ಕಾಗದವನ್ನೇ ನೋಡೋದು.

ಈಗ ನಮ್ಮ ಹುಡುಗನ ಕಾಗದಕ್ಕೆ ಬರ್ತೀನಿ.

ಮೊದಲು ಠಾಣೆಗೆ ಹೋದೆ. ಯಾವ ಠಾಣೆ, ಯಾವ ಕೋರ್ಟು ಅಂತ ಇಲ್ಲಿ ಬರೆಯಲ್ಲ, ಕೆಲಸ ಇನ್ನೂ ಬಾಕಿ ಇದೆ. ಎಫ್‌ಐಆರ್ ಇತ್ತು. ಹದಿನೇಳು ವರ್ಷದ ಹಿಂದಿನದು, ಅಚ್ಚುಕಟ್ಟಾಗಿ ಇತ್ತು. 353 ಕೂಡ ಇತ್ತು. ಕೋರ್ಟಿಗೆ ಹೋದೆ. ಕೇಸಿನ ಕಡತ ಇಲ್ಲ. ಸಣ್ಣ ಕೇಸು, ವಾಯಿದೆ ಮುಗಿದಿದೆ, ನಾಶ ಮಾಡಿದ್ದಾರೆ. ನೋಡಿ ಬಂಧುಗಳೇ, ನೀನು ಪೊಲೀಸ್ ಮೇಲೆ ಕೈ ಮಾಡಿದೆ ಅನ್ನೋ ಆರೋಪದ ಕಾಗದ ಉಳಿದಿದೆ. ಆ ಆರೋಪವನ್ನ ಕೈಬಿಟ್ಟಿದ್ದೀವಿ ಅನ್ನೋ ಕಾಗದ ಕಸಕ್ಕೆ ಹೋಗಿದೆ. ಅಮೆರಿಕದ ಅಧಿಕಾರಿ ಮುಂದೆ ಎಫ್‌ಐಆರ್ ಒಂದನ್ನೇ ಇಟ್ಟರೆ ಅವನಿಗೆ ಏನು ಕಾಣುತ್ತೆ? ನೀರಿನ ಕೊಡ ಕಾಣಲ್ಲ.

ಈ ಮಧ್ಯೆ ಯಾರೋ ಅವನಿಗೆ ಹೇಳಿದರಂತೆ, "ಯಾಕೆ ತಲೆ ಕೆಡಿಸ್ಕೊಳ್ತೀಯ, ಇಲ್ಲ ಅಂತ ಟಿಕ್ ಮಾಡು, ಕಾಮಾಕ್ಷಿಪಾಳ್ಯದ ಐನೂರು ರೂಪಾಯಿ ಫೈನ್ ಅಮೆರಿಕಕ್ಕೆ ಯಾವ ಸೀಮೆ ಗೊತ್ತಾಗುತ್ತೆ" ಅಂತ. ಅವನು ಒಪ್ಪಲಿಲ್ಲ. ಅವನ ವಕೀಲರು ಹೇಳಿದ್ದನ್ನ ನಿಮಗೂ ಹೇಳ್ತೀನಿ, ಯಾಕಂದ್ರೆ ಇದರಲ್ಲಿ ತುಂಬಾ ಜನ ಎಡವ್ತಾರೆ.

ಗ್ರೀನ್ ಕಾರ್ಡ್ ಇರೋರು ಸಾಮಾನ್ಯವಾಗಿ ಐದು ವರ್ಷಕ್ಕೆ ಅರ್ಜಿ ಹಾಕಬಹುದು, ಅಮೆರಿಕದ ಪ್ರಜೆಯನ್ನ ಮದುವೆಯಾಗಿ ಒಟ್ಟಿಗೆ ಬಾಳ್ತಿರೋರಿಗೆ ಮೂರು ವರ್ಷ. ಮುಖ್ಯವಾಗಿ ಆ ಅವಧಿಯ ನಡತೆಯನ್ನ ನೋಡ್ತಾರೆ, ಆದರೆ ಬೇಕಾದ್ರೆ ಹಿಂದಕ್ಕೂ ಹೋಗಬಹುದು. ಕೊಲೆಯಂಥ ಕೆಲವು ಅಪರಾಧಗಳಿಗೆ ಬಾಗಿಲು ಶಾಶ್ವತವಾಗಿ ಮುಚ್ಚುತ್ತೆ. ಇನ್ನು ಕೆಲವು ಶಿಕ್ಷೆಗಳಿದ್ರೆ ಅರ್ಜಿ ಹಾಕಿದ್ದೇ ಗಡೀಪಾರಿಗೆ ದಾರಿ ಆಗಬಹುದು, ಅದಕ್ಕೇ ವಲಸೆ ಕಾನೂನು ಗೊತ್ತಿರೋ ವಕೀಲರಿಗೆ ತೋರಿಸದೆ ಅರ್ಜಿ ಹಾಕಲೇಬಾರದು. ರಸ್ತೆ ತಡೆಯ ಐನೂರು ರೂಪಾಯಿ ದಂಡದಿಂದ ಪೌರತ್ವ ತಪ್ಪೋ ಸಾಧ್ಯತೆ ತೀರಾ ಕಡಿಮೆ. ಆದರೆ ಪೌರತ್ವಕ್ಕೋಸ್ಕರ ಪ್ರಮಾಣ ಮಾಡಿ ಸುಳ್ಳು ಹೇಳಿದ್ರೆ ಆ ಸುಳ್ಳೇ ಕೆಟ್ಟ ನಡತೆ ಆಗುತ್ತೆ. ಪೌರತ್ವ ಸಿಕ್ಕ ಮೇಲೆ ಗೊತ್ತಾದ್ರೂ ವಾಪಸ್ ಕಿತ್ಕೊಳ್ಳಬಹುದು. ಇನ್ನೊಂದು ವಿಷಯ, ಕ್ರಿಮಿನಲ್ ಕೇಸಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ರೆ ಅವರ ವಲಸೆ ಕಾನೂನಿನಲ್ಲಿ ಅದು ಕನ್ವಿಕ್ಷನ್ನೇ. ನಮ್ಮೂರಲ್ಲಿ ಅದಕ್ಕೆ "ಕೇಸ್ ಮುಗಿಸ್ಕೊಳ್ಳೋದು" ಅಂತೀವಿ.

ಸರಿ, ಕಾಗದ ಎಲ್ಲಿಂದ ತರೋದು? ಕಡತವನ್ನ ಸುಟ್ಟರೂ ಕೋರ್ಟಿನ ರಿಜಿಸ್ಟರಿನಲ್ಲಿ ಒಂದು ಸಾಲು ಉಳಿದಿರುತ್ತೆ, ಆದರೆ ಸಿಸಿ ನಂಬರ್ ಬೇಕು ಅಂದರು ಅಲ್ಲಿನ ಒಬ್ಬ ಗುಮಾಸ್ತೆ. ನಂಬರ್ ನನ್ನ ಹತ್ರ ಇಲ್ಲ, ಆಗಿನ ವಕೀಲರು ತೀರಿಕೊಂಡಿದ್ದಾರೆ. ಕೊನೆಗೆ ಅವರಮ್ಮನ ಹತ್ರ ಹೋದೆ. ಈಗಲೂ ಅದೇ ಮನೇಲಿದ್ದಾರೆ. ಮಗ ದುಡ್ಡು ಕಳಿಸಿ ಆರ್‌ಸಿಸಿ ಹಾಕಿಸಿದ್ದಾನೆ ಅಷ್ಟೇ. ವಿಷಯ ಹೇಳಿದೆ. ಆ ತಾಯಿ ಒಂದು ಮಾತೂ ಆಡದೆ ಟ್ರಂಕ್ ತೆಗೆದರು. ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಗಂಡನ ಡೆತ್ ಸರ್ಟಿಫಿಕೇಟು ಇದ್ದ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಒಂದು ರಸೀದಿ ತೆಗೆದುಕೊಟ್ಟರು. ಐನೂರು ರೂಪಾಯಿ ದಂಡದ ರಸೀದಿ. ಇಂಕು ಮಾಸಿತ್ತು, ನಂಬರ್ ಓದಬಹುದಿತ್ತು.

"ಇದನ್ನ ಯಾಕಮ್ಮ ಇಟ್ಕೊಂಡಿದ್ರಿ?" ಅಂದೆ.

"ಸರ್ಕಾರದ ಸೀಲ್ ಇದೆಯಲ್ಲಪ್ಪ. ಓದಕ್ಕೆ ಬರಲ್ಲ ನಂಗೆ. ಏನಾರ ಒಳ್ಳೇದಿರಬೋದು ಅಂತ ಇಟ್ಟೆ."

ನಾನು ತಲೆ ತಗ್ಗಿಸಿದೆ. ಅದರಲ್ಲಿ ಏನು ಬರೆದಿದೆ ಅಂತ ಆ ತಾಯಿಗೆ ಹೇಳೋಕೆ ನನ್ನಿಂದ ಆಗಲಿಲ್ಲ. ಆಮೇಲೆ ಹೇಳಿದೆ. ಹೇಳಲೇಬೇಕಿತ್ತು. ನಾನೇ ಒಪ್ಕೋ ಅಂದೆ ಕಣಮ್ಮ, ಅದು ತಪ್ಪಾಯ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ನೀರು ಕೇಳಿದ್ದು ಅಂತ ಬರ್ದಿದ್ದಾರಾ ಅದ್ರಲ್ಲಿ?"

"ಇಲ್ಲಮ್ಮ."

"ಮತ್ತೆ ಅದನ್ನ ನೀನೇ ಬರ್ದು ಕಳ್ಸು."

ನಂಬರ್ ಕೊಟ್ಟು ಅರ್ಜಿ ಹಾಕಿದೆ. ರಿಜಿಸ್ಟರಿನ ಆ ಸಾಲಿನ ಸರ್ಟಿಫೈಡ್ ಕಾಪಿ ಸಿಕ್ಕಿತು. 143, 341, ತಪ್ಪೊಪ್ಪಿಗೆ, ದಂಡ. 353 ಇಲ್ಲ. ಕಡತ ನಾಶವಾಗಿದೆ ಅನ್ನೋ ಹಿಂಬರಹವನ್ನೂ ಕೇಳಿದ್ದೀನಿ, ಇನ್ನೂ ಬರಬೇಕು. ಜೊತೆಗೆ ಆವತ್ತು ಏನಾಯ್ತು ಅಂತ ಎರಡು ಪುಟದ ಪ್ರಮಾಣಪತ್ರ ನನ್ನ ಹೆಸರಲ್ಲಿ ಮಾಡಿಸಿ ಕಳಿಸಿದ್ದೀನಿ. ಹನ್ನೆರಡು ದಿನ ನೀರಿಲ್ಲದ್ದು, ಕೊಡ ಹಿಡಿದು ಕೂತದ್ದು, ಒಪ್ಕೋ ಅಂತ ನಾನು ಹೇಳಿದ್ದು, ಎಲ್ಲ ಅದರಲ್ಲಿದೆ. ಅದಕ್ಕೆ ಅಲ್ಲಿ ಎಷ್ಟು ಬೆಲೆ ಕೊಡ್ತಾರೋ ನೋಡಬೇಕು. ಅವನ ಅರ್ಜಿ ಇನ್ನೂ ಹೋಗಿಲ್ಲ. ಹಿಂಬರಹಕ್ಕೆ ಕಾಯ್ತಿದ್ದಾನೆ.

ಈಗ ನಮ್ಮ ಹುಡುಗರಿಗೆ, ಹುಡುಗಿಯರಿಗೆ ನಾಲ್ಕು ಮಾತು.

ಒಂದು, ಹೋರಾಟದ ಕೇಸಿನಲ್ಲಿ ತಾರೀಕು ತಪ್ಪಲಿ ಅಂತ ತಪ್ಪೊಪ್ಪಿಕೊಳ್ಳಬೇಡಿ. ನನ್ನಂಥ ಹಿರಿಯರು ಹೇಳಿದ್ರೂ ಒಪ್ಪಬೇಡಿ. ಕೇಸ್ ನಡೆಸಿ, ಖುಲಾಸೆ ಆಗಿ. ಸರ್ಕಾರವೇ ಕೇಸ್ ವಾಪಸ್ ತಗೊಳ್ಳೋ ದಾರಿಯೂ ಇದೆ. ಹಿಂದೆ ಸಿಆರ್‌ಪಿಸಿ 321, ಈಗ ಬಿಎನ್‌ಎಸ್‌ಎಸ್ 360. ದೊಡ್ಡ ದೊಡ್ಡವರ ಕೇಸುಗಳು ಅದರಲ್ಲೇ ಹೋಗ್ತವೆ, ನಮ್ಮದಕ್ಕೂ ಒತ್ತಾಯ ಮಾಡೋಣ.

ಎರಡು, ವಕೀಲರಿಗೆ ದುಡ್ಡಿಲ್ಲ ಅಂತ ಒಪ್ಪಿಕೊಳ್ಳಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು. 2010ರಲ್ಲಿ ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಈ ಪೋಸ್ಟ್ ಬರೀಬೇಕಾಗ್ತಿರಲಿಲ್ಲ.

ಮೂರು, ಕೇಸ್ ಮುಗಿದ ದಿನವೇ ತೀರ್ಪಿನ ಸರ್ಟಿಫೈಡ್ ಕಾಪಿ ತಗೊಳ್ಳಿ. ಚಾರ್ಜ್‌ಶೀಟ್, ತೀರ್ಪು, ರಸೀದಿ ಮೂರನ್ನೂ ಜಾತಿ ಸರ್ಟಿಫಿಕೇಟ್ ಜೊತೆ ಇಡಿ. ಕೋರ್ಟಿನವರು ನಮಗೋಸ್ಕರ ಕಾಪಾಡಲ್ಲ.

ನಾಲ್ಕು, ಯಾವ ದೇಶದ ಅರ್ಜಿಯಲ್ಲೇ ಆಗಲಿ ಇದ್ದದ್ದನ್ನ ಇದ್ದ ಹಾಗೆ ಬರೀರಿ. ಬರೆಯೋಕೆ ಮುಂಚೆ ವಕೀಲರನ್ನ ಕೇಳಿ. ನೀರು ಕೇಳಿದ್ದಕ್ಕೆ ನಾಚ್ಕೋಬೇಕಾಗಿಲ್ಲ.

ಅಂದಹಾಗೆ, ಆ ಹುಡುಗ ಅಲ್ಲಿನ ಪ್ರಜೆಯಾದ ದಿನ ಇಲ್ಲಿನ ಪೌರತ್ವ ಹೋಗುತ್ತೆ, ನಮ್ಮ ಕಾನೂನಿನಲ್ಲಿ ಎರಡೆರಡು ಪೌರತ್ವ ಇಲ್ಲ. ಅದನ್ನ ನೆನೆಸ್ಕೊಂಡು ಅವನು ಫೋನಲ್ಲಿ ಅತ್ತ. "ಬಾಬಾಸಾಹೇಬರು ಕೊಟ್ಟಿದ್ದನ್ನ ವಾಪಸ್ ಕೊಟ್ಟಂಗೆ ಆಗುತ್ತಲ್ಲ ಅಣ್ಣ" ಅಂದ. ನಾನಂದೆ, ಬಾಬಾಸಾಹೇಬರು ನಿನಗೆ ಕೊಟ್ಟಿದ್ದು ತಲೆ ಎತ್ತಿ ಅರ್ಜಿ ಬರೆಯೋ ಧೈರ್ಯ, ಅದನ್ನ ಯಾವ ಆಫೀಸಿಗೂ ವಾಪಸ್ ಕೊಡಬೇಕಾಗಿಲ್ಲ ಅಂತ.

ಆ ಹದಿನಾಲ್ಕು ಜನರಲ್ಲಿ ಉಳಿದವರು ಈ ಪೋಸ್ಟ್ ಓದ್ತಿದ್ರೆ ನನಗೆ ಫೋನ್ ಮಾಡಿ. ಆ ರಿಜಿಸ್ಟರಿನ ಸಾಲಿನಲ್ಲಿ ನಿಮ್ಮ ಹೆಸರೂ ಇದೆ. ನಿಮ್ಮ ಕಾಪಿಗಳನ್ನೂ ತೆಗೆಸಿ ಕೊಡ್ತೀನಿ. ಖರ್ಚು ನನ್ನದು.

ಜೈ ಭೀಮ್.